ಹದಿನೆಂಟು ಮಂದಿಯ ಗಿಡ

ಮಂಗಳವಾರ ಬೆಳಗಿನ ನಮಾಜು ಮುಗಿಸಿ ಬಂದು ಹುಸೇನಸಾಬ ಮಾಸ್ತರರು ಚಹಾದಲ್ಲಿ ಟೋಸ್ಟ್ ಅದ್ದುತ್ತಿದ್ದಾಗ ಮಸೀದಿಯ ಮೈಕು ಕರಕರ ಅಂದಿತು. ನಮಾಜಿನ ಹೊತ್ತಲ್ಲದ ಹೊತ್ತಿನಲ್ಲಿ ಮೈಕು ಕೆಮ್ಮಿದರೆ ಊರಲ್ಲಿ ಯಾರೋ ಹೋಗಿದ್ದಾರೆ ಎಂದೇ ಅರ್ಥ. ಮೊದಲು ಉರ್ದುವಿನಲ್ಲಿ ಏನೋ ಹೇಳಿದರು, ಗಾಳಿ ಅದನ್ನು ಆಚೆ ಓಣಿಗೆ ಒಯ್ದಿತು. ಆಮೇಲೆ ಕನ್ನಡದಲ್ಲಿ ಸ್ಪಷ್ಟವಾಗಿ ಕೇಳಿಸಿತು.

“ಕೋಟೆ ಓಣಿಯ ಖಾದರಸಾಬ ಇವರು ಇಂದು ಮುಂಜಾನೆ ಮರಣ ಹೊಂದಿದ್ದು ಇರುತ್ತದೆ. ಸದರಿಯವರ ಮಣ್ಣು ಮಧ್ಯಾಹ್ನ ಜೋಹರ್ ನಮಾಜಿನ ನಂತರ ಇರುತ್ತದೆ.”

ಮಾಸ್ತರರಿಗೆ ಮೊದಲು ಹೊಳೆದದ್ದು ‘ಇರುತ್ತದೆ’ ಎರಡು ಸಲ ಬಂತು ಎಂಬುದು. ‘ಮರಣ ಹೊಂದಿದ್ದಾರೆ’ ಎಂದರೆ ಸಾಕಿತ್ತು. ‘ಸದರಿಯವರ’ ಎಂಬುದು ಪೊಲೀಸ್ ಠಾಣೆಯ ಮಾತು, ಮಸೀದಿಗೆ ಒಪ್ಪುವುದಿಲ್ಲ. ಮೂವತ್ತಾರು ವರ್ಷ ಕನ್ನಡ ಶಾಲೆಯಲ್ಲಿ ಕೆಂಪು ಮಸಿಯ ಪೆನ್ನು ಹಿಡಿದ ಮನುಷ್ಯ ಅವರು. ವಾಕ್ಯವನ್ನು ತಿದ್ದಿ, ನೆಟ್ಟಗೆ ನಿಲ್ಲಿಸಿ, ಮನಸ್ಸಿನೊಳಗೆ ಇನ್ನೊಮ್ಮೆ ಓದಿಕೊಂಡರು. ಅದರಲ್ಲಿದ್ದ ಹೆಸರು ಕಣ್ಣಿಗೆ ಬಿದ್ದದ್ದು ಆಗಲೇ. ಟೋಸ್ಟ್ ಬಟ್ಟಲಿನಲ್ಲಿ ಮುಳುಗಿ ಹೋಯಿತು.

ಅಡುಗೆಮನೆಯಿಂದ ಹೆಂಡತಿ ಮರಿಯಮಬಿ ಬಂದು ಬಾಗಿಲಲ್ಲಿ ನಿಂತಳು.

“ಹೋಗ್ರಿ,” ಅಂದಳು. “ಇವತ್ತರ ಹೋಗ್ರಿ. ಆ ಅಳತಿ ಟೇಪು ಮಾತ್ರ ಮನ್ಯಾಗ ಇಟ್ಟ ಹೋಗ್ರಿ.”

ಟೇಪಿನ ಮಾತು ಎತ್ತಿದ್ದು ಕ್ರೂರವೆನ್ನಿಸಿತು. ಆದರೆ ಆ ಕ್ಷಣಕ್ಕೂ ಅದು ಅಂಗಿಯ ಜೇಬಿನಲ್ಲೇ ಇದೆಯೇನೋ ಎಂದು ಮಾಸ್ತರರ ಕೈ ತಾನೇ ಹೋಗಿ ಮುಟ್ಟಿ ನೋಡಿತು.

ಖಾದರಸಾಬ ಮಾಸ್ತರರಿಗಿಂತ ಮೂರು ತಿಂಗಳು ದೊಡ್ಡವನು. ಒಂದನೆಯ ಇಯತ್ತೆಯಿಂದ ಇಬ್ಬರೂ ಒಂದೇ ತಟ್ಟಿನ ಮೇಲೆ ಕುಳಿತವರು. ಮನೆಯಲ್ಲಿ ಇಬ್ಬರದೂ ಉರ್ದು. ಜಗಳ ಮಾತ್ರ ಕನ್ನಡದಲ್ಲಿ, ಏಕೆಂದರೆ ಜಗಳ ಶುರುವಾದದ್ದು ಶಾಲೆಯಲ್ಲಿ. ಅವನು ಇವರನ್ನು ‘ಲೇ ಹುಸೇನ್ಯಾ’ ಅನ್ನುತ್ತಿದ್ದ, ಇವರು ಅವನನ್ನು ‘ಲೇ ಖಾದ್ರ್ಯಾ’ ಅನ್ನುತ್ತಿದ್ದರು. ಇವರು ಮುಖ್ಯೋಪಾಧ್ಯಾಯರಾದ ದಿನವೂ ಅವನು ಶಾಲೆಯ ಗೇಟಿನ ಹೊರಗೆ ನಿಂತು ಹಾಗೇ ಕೂಗಿದ್ದ, ಇಡೀ ಶಾಲೆ ನಕ್ಕಿತ್ತು.

ಸವಣೂರು ಒಂದು ಕಾಲಕ್ಕೆ ನವಾಬರ ರಾಜಧಾನಿ. ಈಗ ತಾಲೂಕು ಕಚೇರಿ, ಸಂತೆ, ಬಸ್ ಸ್ಟ್ಯಾಂಡು. ಆ ಹಳೆಯ ರಾಜಧಾನಿಯನ್ನು ಬಂದವರಿಗೆ ತೋರಿಸುವ ಕೆಲಸವನ್ನು ಖಾದರಸಾಬನಿಗೆ ಯಾರೂ ಕೊಟ್ಟಿರಲಿಲ್ಲ, ಅವನೇ ತೆಗೆದುಕೊಂಡಿದ್ದ. ಖಾರಾ ಮಾರುವ ಗಾಡಿಯನ್ನು ಮಗ ರಿಯಾಜನಿಗೆ ಬಿಟ್ಟು, ಒಂದು ಕರಿ ಛತ್ರಿಯನ್ನು ಬಾವುಟದ ಹಾಗೆ ಎತ್ತಿ ಹಿಡಿದು, ಕಾಲೇಜು ಹುಡುಗಿಯರು, ಮದುವೆಗೆ ಬಂದ ಬೀಗರು, ದಾರಿ ತಪ್ಪಿ ಬಂದವರು, ಎಲ್ಲರನ್ನೂ ಹಿಂದೆ ಹಾಕಿಕೊಂಡು ನಡೆಯುತ್ತಿದ್ದ. ದರವಾಜೆಯ ಕಂಬದಲ್ಲಿ ಸವೆದ ಜಾಗ ತೋರಿಸಿ “ಇದು ನವಾಬರ ಆನಿ ಹಣಿ ತುರಿಸಿಕೊಂಡ ಗುರ್ತು” ಅನ್ನುತ್ತಿದ್ದ. ಅದು ಕಬ್ಬಿನ ಟ್ರ್ಯಾಕ್ಟರುಗಳು ಉಜ್ಜಿದ ಗುರುತು ಎಂದು ಹಿಂದಿನಿಂದ ಹೇಳುವುದು ಮಾಸ್ತರರ ಕೆಲಸ. ಮಂದಿ ನಗುತ್ತಿದ್ದರು. ಮಾಸ್ತರರು ತಮ್ಮ ಪಾಂಡಿತ್ಯಕ್ಕೆ ನಗುತ್ತಿದ್ದಾರೆ ಎಂದು ತಿಳಿದಿದ್ದರು. ಅದು ಇಬ್ಬರ ಜೋಡಿ ಆಟಕ್ಕೆ ಬೀಳುತ್ತಿದ್ದ ನಗು ಎಂಬುದು ಅವರಿಗೆ ಐದು ತಿಂಗಳ ಹಿಂದಿನವರೆಗೂ ಹೊಳೆದಿರಲಿಲ್ಲ.

ಐದು ತಿಂಗಳ ಹಿಂದೆ ಧಾರವಾಡದಿಂದ ನಾಲ್ಕು ಜನ ಪ್ರಾಧ್ಯಾಪಕರು ಬಂದಿದ್ದರು. ಮಠದಲ್ಲಿರುವ ದೊಡ್ಡ ಹುಣಸಿ ಗಿಡದ ಮುಂದೆ ಖಾದರಸಾಬ ಎಂದಿನಂತೆ ಛತ್ರಿ ಊರಿ, “ಈ ಗಿಡಾ ತಬ್ಬಾಕ ಹದಿನೆಂಟ ಮಂದಿ ಬೇಕ್ರಿ” ಅಂದ. ಹೆಸರಿಗೆ ಹುಣಸಿ. ನಿಜಕ್ಕೆ ಅದು ಆನೆ ಸೊಂಡಿಲು ಇಳಿಬಿಟ್ಟು ನಿಂತ ಹಾಗಿನ ಬೇರೆಯೇ ಜಾತಿಯ ಮರ, ದೂರದ ದೇಶದಿಂದ ಬಂದದ್ದು. ಆ ಹದಿನೆಂಟನ್ನು ಮಾಸ್ತರರು ಮೂವತ್ತು ವರ್ಷ ಸಹಿಸಿದ್ದರು. ಅಂದು ಜೇಬಿನಿಂದ ಶಾಲೆಯ ಆಟೋಟದ ಟೇಪು ತೆಗೆದು, ಪ್ರಾಧ್ಯಾಪಕರಲ್ಲಿ ಒಬ್ಬರ ಕೈಗೆ ಒಂದು ತುದಿ ಕೊಟ್ಟು, ಗಿಡ ಸುತ್ತಿ ಬಂದು, ಮೀಟರನ್ನು ಮೊಳಕ್ಕೆ, ಮೊಳವನ್ನು ಎರಡೂ ಕೈ ಚಾಚಿದ ಮಾರಿಗೆ ಇಳಿಸಿ, “ಒಂಬತ್ತು” ಅಂದರು. ಪ್ರಾಧ್ಯಾಪಕರು ಒಂಬತ್ತು ಎಂದು ಬರೆದುಕೊಂಡರು.

ಖಾದರಸಾಬ ಛತ್ರಿ ಮಡಚಿದ. “ಚಲೋ ಆತ್ರಿ ಮಾಸ್ತರ. ನೀವ ತೋರಿಸ್ರಿ. ನಾ ಬರ್ತೇನಿ,” ಅಂದ.

‘ಲೇ’ ಅಂದವನು ‘ರಿ’ ಅಂದಿದ್ದ. ಅರವತ್ತು ವರ್ಷದಲ್ಲಿ ಅವನು ಕೊಟ್ಟ ಮೊದಲ ಮರ್ಯಾದೆ ಅದು. ಕಪಾಳಕ್ಕೆ ಹೊಡೆದಿದ್ದರೆ ಮಾಸ್ತರರು ಸಂಜೆಗೆ ಮರೆಯುತ್ತಿದ್ದರು. ಅಂದಿನಿಂದ ಇಬ್ಬರೂ ಮಸೀದಿಯಲ್ಲಿ ಬೇರೆ ಬೇರೆ ಸಾಲಿನಲ್ಲಿ ನಿಲ್ಲತೊಡಗಿದರು. ತಾವು ಎರಡನೆಯ ಸಾಲಿಗೆ ಸರಿದದ್ದು ವಿನಯದಿಂದ ಎಂದು ಮಾಸ್ತರರು ಅಲ್ಲಾಹನಿಗೂ ನಂಬಿಸಲು ನೋಡಿದರು.

ಮಂಗಳವಾರ ಮಧ್ಯಾಹ್ನ, ಜನಾಜೆ ನಮಾಜಿಗೆ ಮೊದಲು ರಿಯಾಜ ಎದ್ದು ನಿಂತು ವಾಡಿಕೆಯಂತೆ ಕೇಳಿಕೊಂಡ: “ನಮ್ಮ ಅಪ್ಪ ಯಾರಿಗರ ಏನರ ಅಂದಿದ್ರ, ನೋವ ಮಾಡಿದ್ರ, ಮಾಫ್ ಮಾಡ್ರಿ.” ಎಲ್ಲರೂ ಮಾಫ್ ಎಂದರು. ಮಾಸ್ತರರೂ ಅಂದರು. ಆಮೇಲೆ ಅವರಿಗೆ ಯೋಚನೆ ಹತ್ತಿತು. ಸತ್ತವನಿಗೆ ಎಲ್ಲರೂ ಮಾಫಿ ಕೊಡುತ್ತಾರೆ. ಬದುಕಿದವನಿಗೆ ಸತ್ತವನಿಂದ ಮಾಫಿ ಕೊಡಿಸುವವರು ಯಾರು? ಅದಕ್ಕೆ ಯಾವ ವಾಡಿಕೆಯೂ ಇರಲಿಲ್ಲ.

ಸಂಜೆ ಅವನ ಮನೆಗೆ ಹೋದರು. ಖಾದರಸಾಬನ ಹೆಂಡತಿ ರಹಿಮಾಬಿ ಗಂಡ ಸತ್ತವರು ಪಾಲಿಸುವ ಇದ್ದತ್‌ಗೆ ಕುಳಿತಿದ್ದಳು, ನಾಲ್ಕು ತಿಂಗಳು ಹತ್ತು ದಿನ ಹೊರಗೆ ಬರುವಂತಿಲ್ಲ. ಮಾಸ್ತರರು ಪರದೆಯ ಈಚೆ ಕುಳಿತರು.

“ಭಾಬಿ, ಅಂವಾ ನನ್ನ ಬಗ್ಗೆ ಏನರ ಅಂದಿದ್ನೇನು? ಮಾಫ್ ಮಾಡೇನಿ ಅಂತ... ಒಂದ ಮಾತರ.”

ರಹಿಮಾಬಿ ಒಳಗಿಂದ ಹೇಳಿದಳು, “ಸುಳ್ಳ ಹೇಳಿ ಸಮಾಧಾನ ಮಾಡ್ಲೇನು ಭಾಯಿ? ನಿಮಗ ಸುಳ್ಳ ಸೇರೂದಿಲ್ಲ. ನಿಮ್ಮ ಹೆಸರ ಎತ್ತಲಿಲ್ಲ, ಖರೇ.”

ಮಾಸ್ತರರು ತಲೆ ತಗ್ಗಿಸಿ ಎದ್ದರು. ಜೀವನವಿಡೀ ಖರೆಯನ್ನೇ ಬೇಡಿದವರಿಗೆ ಅದು ಪರದೆಯ ಆಚೆಯಿಂದ ಹಾಗೇ ಸಿಕ್ಕಿತ್ತು.

ಹೊರಗೆ ರಿಯಾಜ ಅಪ್ಪನ ಮೊಬೈಲನ್ನು ಅವರ ಕೈಗೆ ಕೊಟ್ಟ. “ಒಂದ ಸವನ ಫೋನ್ ಬರಾಕತ್ತಾವ್ರಿ. ನನಗ ಮಾತ ಬರವಲ್ದು. ನೀವ ಕನ್ನಡ ಮಾಸ್ತರು, ತಪ್ಪಿಲ್ಲದಂಗ ಹೇಳ್ತೀರಿ.” ಈ ಹೊಗಳಿಕೆಯಿಂದ ಮಾಸ್ತರರಿಗೆ ಅಂಥ ದುಃಖದಲ್ಲೂ ಎದೆ ಒಂದು ಬೆರಳಷ್ಟು ಉಬ್ಬಿತು. ದೇವರು ಅದನ್ನು ನೋಡಿಕೊಂಡಿರಬೇಕು.

ಮರುದಿನ ಬುಧವಾರ ಒಂದು ಹೆಣ್ಣುಮಗಳ ಫೋನು ಬಂತು.

“ಖಾದರಸಾಬ ಅಜ್ಜಾರ ಫೋನ ಅಲ್ರಿ ಇದು? ನಾ ಹತ್ತಿಮತ್ತೂರ ಮಲ್ಲಿಕಾ, ಮಹಿಳಾ ಸಂಘದಾಕಿ. ನಾಳೆ ಗುರುವಾರದ್ದು ಖಾಯಂ ಏನ್ರಿ?”

“ಖಾಯಂ ಅವ್ವಾ. ನಾಳೆ ಜಿಯಾರತ,” ಅಂದರು ಮಾಸ್ತರರು. ಮಣ್ಣಾದ ಮೂರನೆಯ ದಿನ ಕುರಾನ್ ಓದಿ, ಕಬರಿಗೆ ಹೂ ಹಾಕುವುದಕ್ಕೆ ಅವರಲ್ಲಿ ಜಿಯಾರತ ಎಂದೇ ಹೆಸರು. ಸುದ್ದಿ ಹತ್ತಿಮತ್ತೂರಿನವರೆಗೂ ಮುಟ್ಟಿದೆಯಲ್ಲ ಎಂದು ಅವರ ಕಣ್ಣು ತುಂಬಿತು.

“ನಾವು ಹದಿನಾಲ್ಕ ಮಂದಿ ಬರ್ತೇವ್ರಿ. ಭಾಳಾತೇನ್ರಿ?”

“ಎಷ್ಟ ಮಂದಿ ಬಂದ್ರೂ ಚಲೋನ ಅವ್ವಾ. ಸವಾಬು ಅದು, ಪುಣ್ಯ.”

“ಊಟದ್ದು ಹೆಂಗ್ರಿ? ನಮ್ಮೊಳಗ ಮಾಂಸ ತಿನ್ನಲಾರದವ್ರು ಅದಾರ.”

“ಅವರಿಗೆ ಬ್ಯಾರೆ ಮಾಡಸ್ತೇವಿ. ಚಿಂತಿ ಬ್ಯಾಡ.”

“ಖಾದರಸಾಬ ಅಜ್ಜಾರು ಅಲ್ಲೇ ಇರ್ತಾರಲ್ರಿ?”

ಹಳ್ಳಿಯ ಮಗಳು, ಕಬರಸ್ತಾನದ ಬಗ್ಗೆ ಕೇಳುತ್ತಿದ್ದಾಳೆ ಅಂದುಕೊಂಡರು ಮಾಸ್ತರರು. “ಇನ್ನ ಅಂವಾ ಎಲ್ಲಿ ಹೋಗತಾನವ್ವಾ? ಅಲ್ಲೇ ಇರತಾನ.”

“ಹಂಗಾರ ಚಲೋ ಆತ್ರಿ,” ಅಂದು ಆಕೆ ಬಹಳ ಸಂತೋಷದಿಂದ ಫೋನು ಇಟ್ಟಳು. ಆ ಸಂತೋಷ ಸ್ವಲ್ಪ ಹೆಚ್ಚಾಯಿತು ಎಂದು ಮಾಸ್ತರರಿಗೆ ಅನ್ನಿಸದೆ ಇರಲಿಲ್ಲ.

ಗುರುವಾರ ಹತ್ತು ಗಂಟೆಗೆ ಖಾದರಸಾಬನ ಮನೆಯ ಮುಂದೆ ಎರಡು ಟಂಟಂ ಬಂದು ನಿಂತವು. ಒಳಗಿಂದ ಹದಿನಾಲ್ಕು ಜನ ಹೆಂಗಸರು ಇಳಿದರು, ಎಲ್ಲರೂ ಹೊಸ ಸೀರೆ ಉಟ್ಟು, ಮಲ್ಲಿಗೆ ಮುಡಿದು, ನೀರಿನ ಬಾಟಲಿ ಹಿಡಿದು. ಒಬ್ಬಾಕೆ ತಂಪು ಕನ್ನಡಕ ಹಾಕಿದ್ದಳು. ಎಲ್ಲರಿಗಿಂತ ಹಿರಿಯಾಕೆ ಯಂಕವ್ವ, ಎಂಬತ್ತು ದಾಟಿದ ಮುದುಕಿ, ಕೋಲೂರಿ ಪೆಂಡಾಲನ್ನು ನೋಡಿ, “ನಮ್ಮ ಸಲುವಾಗಿ ಮಂಟಪಾ ಹಾಕ್ಯಾರಲ್ಲ,” ಅಂದಳು.

ಪೆಂಡಾಲಿನ ಕೆಳಗೆ ಟೊಪ್ಪಿಗೆ ಹಾಕಿಕೊಂಡು ಕುರಾನ್ ಓದುತ್ತಿದ್ದವರೆಲ್ಲ ತಲೆಯೆತ್ತಿದರು. ಮಾಸ್ತರರು ಓಡಿಬಂದರು. ಎರಡು ಮಾತಿನಲ್ಲಿ ಎಲ್ಲಾ ಬಯಲಾಯಿತು. ಮಲ್ಲಿಕಾಳ ಮುಖ ಬಿಳಚಿಕೊಂಡಿತು.

“ನಾವು ಊರ ನೋಡಾಕ ಬಂದೇವ್ರಿ. ಹದಿನೈದ ದಿನದ ಹಿಂದ ಅಜ್ಜಾರ್ನ ಕೇಳಿದ್ವಿ. ವಿಜಾಪುರಕ್ಕ ಹೋಗೂಣಂದ್ರ ಯಂಕವ್ವಜ್ಜಿಗೆ ಬಸ್ಸಿನಾಗ ವಾಂತಿ ಆಗತೈತಿ, ಅದಕ್ಕ ಹತ್ತಿರದ ರಾಜಧಾನಿ ನೋಡೂಣಂತ. ನೀವು ಜಿಯಾರತ ಅಂದ್ರಿ. ಹುಲಗೂರ ದರ್ಗಾಕ್ಕ ಹೋದಾಗ ಮಂದಿ ‘ಜಿಯಾರತ ಆತೇನ್ರಿ’ ಅಂತಿದ್ರು. ದರ್ಶನ ಅಂದಂಗ ಅಂತ ತಿಳಕೊಂಡ್ವಿ.”

ಆಕೆಯದು ತಪ್ಪಲ್ಲ. ಜಿಯಾರತ ಎಂದರೆ ಅದೂ ಹೌದು, ಇದೂ ಹೌದು. ಊರಿನವರ ಒಂದೊಂದು ಶಬ್ದವನ್ನೂ ಹಿಡಿದು ತಿದ್ದುತ್ತಿದ್ದ ಮನುಷ್ಯ ತನ್ನ ಬಾಯಿಂದ ಹೊರಟ ಒಂದು ಶಬ್ದಕ್ಕೆ ಎರಡು ಅರ್ಥವಿರುವುದನ್ನು ಮರೆತು ಹದಿನಾಲ್ಕು ಜನರನ್ನು ಮಲ್ಲಿಗೆ ಮುಡಿಸಿ ಸಾವಿನ ಮನೆಗೆ ಕರೆಸಿದ್ದರು. ಈ ಉತ್ತರಪತ್ರಿಕೆಗೆ ತಾವೇ ಸೊನ್ನೆ ಹಾಕಿಕೊಂಡರು.

“ನಾವು ಹೊಳ್ಳಿ ಹೋಗ್ತೇವ್ರಿ,” ಅಂದಳು ಮಲ್ಲಿಕಾ. ಹೆಂಗಸರು ಒಬ್ಬೊಬ್ಬರಾಗಿ ಮುಡಿಯಿಂದ ಮಲ್ಲಿಗೆ ತೆಗೆಯತೊಡಗಿದ್ದರು.

ಆಗ ಒಳಗಿಂದ ರಹಿಮಾಬಿಯ ದನಿ ಬಂತು. “ಭಾಯಿ, ಬಂದವರನ್ನ ಅವರು ಒಂದ ದಿನಾನೂ ಹಂಗ ಕಳಿಸಿಲ್ಲ. ಇವತ್ತ ಅವರ ಜಿಯಾರತ. ಇವತ್ತ ಕಳಸ್ತೀರೇನು?” ಪರದೆಯ ಕೆಳಗಿಂದ ಕರಿ ಛತ್ರಿ ಈಚೆ ಬಂತು. “ಮಾಫಿ ಕೊಡಾಕ ನನಗ ಬರೂದಿಲ್ಲ. ಇದನ್ನ ಕೊಡಾಕ ಬರತೈತಿ. ತೋರಿಸಿ ಕರಕೊಂಡ ಬರ್ರಿ. ಉಂಡ ಹೋಗ್ಲಿ.”

ಹೀಗೆ ಹುಸೇನಸಾಬ ಮಾಸ್ತರರು ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಗೈಡಾದರು.

ಛತ್ರಿ ಎತ್ತಿ ಹಿಡಿದು ನಡೆಯುವುದು ನೋಡಲು ಸುಲಭವಿತ್ತು. ನಾಲ್ಕು ಹೆಜ್ಜೆಗೆ ಮಾಸ್ತರರ ಭುಜ ನೋಯತೊಡಗಿತು, ತಗ್ಗಿಸಿ ಹಿಡಿದರೆ ಹಿಂದಿನವರಿಗೆ ಕಾಣುತ್ತಿರಲಿಲ್ಲ, ಮಡಚಿ ಹಿಡಿದರೆ ಎಮ್ಮೆ ಹೊಡೆಯುವವನ ಹಾಗೆ ಕಾಣುತ್ತಿತ್ತು. ನವಾಬರ ಅರಮನೆಯ ಮುಂದೆ ನಿಂತು ತಮಗೆ ಗೊತ್ತಿದ್ದುದನ್ನೆಲ್ಲ ಹೇಳಿದರು: ಯಾವ ನವಾಬರು ಯಾರ ಮಗ, ಯಾವ ವರ್ಷ ಪಟ್ಟಕ್ಕೆ ಬಂದರು, ಯಾವ ವರ್ಷ ಮರಾಠರ ಜೊತೆ ಒಪ್ಪಂದವಾಯಿತು. ಹೆಂಗಸರು ಮೊದಲು ತಲೆ ಆಡಿಸಿದರು. ಆಮೇಲೆ ಅದೇ ತಲೆಗಳು ತೂಕಡಿಸತೊಡಗಿದವು.

“ತಮ್ಮಾ,” ಅಂದಳು ಯಂಕವ್ವ, “ನಾವೇನು ಪರೀಕ್ಷಾಕ್ಕ ಕುಂಡ್ರಬೇಕೇನು?”

“ಸುಮ್ನಿರ್ರಿ ಅಜ್ಜಿ, ಪಾಪ,” ಅಂದಳು ಮಲ್ಲಿಕಾ.

“ಪಾಪ ಅಂತನ ಕೇಳಾಕತ್ತೇನಿ. ಅಂವಗೂ ಸಾಕಾಗೈತಿ.”

ನಿಜಕ್ಕೂ ಸಾಕಾಗಿತ್ತು. ಖಾದರಸಾಬ ಇಲ್ಲಿ ಏನು ಹೇಳುತ್ತಿದ್ದ? ಮೂವತ್ತು ವರ್ಷ ಅವನ ಹಿಂದೆ ನಡೆದಿದ್ದರೂ ಮಾಸ್ತರರಿಗೆ ನೆನಪಿದ್ದದ್ದು ಅವನ ತಪ್ಪುಗಳು ಮಾತ್ರ. ದರವಾಜೆಯ ಹತ್ತಿರ ಬಂದಾಗ ಬೇರೆ ದಾರಿ ಕಾಣದೆ ಛತ್ರಿಯ ತುದಿಯಿಂದ ಕಂಬವನ್ನು ಮುಟ್ಟಿ, “ಇಲ್ಲಿ... ನವಾಬರ ಆನಿ... ಹಣಿ ತುರಿಸಿಕೊಂತಿತ್ತು,” ಅಂದರು. ಅಂದಮೇಲೆ ಅಭ್ಯಾಸಬಲದಿಂದ ಹಿಂದೆ ತಿರುಗಿ ನೋಡಿದರು. ‘ಅದು ಟ್ರ್ಯಾಕ್ಟರ್’ ಎಂದು ಹೇಳುವವರು ಹಿಂದೆ ಯಾರೂ ಇರಲಿಲ್ಲ.

ಹೆಂಗಸರು ಕಂಬಕ್ಕೆ ಕವಿದರು. ತಂಪು ಕನ್ನಡಕದಾಕೆ ಸವೆದ ಜಾಗಕ್ಕೆ ತನ್ನ ಬೆನ್ನು ತಾಗಿಸಿ ತುರಿಸಿಕೊಂಡಳು. “ಆನಿಗೆ ಚಲೋ ಎತ್ತರ ಐತಿ, ನನಗ ಸ್ವಲ್ಪ ಮ್ಯಾಲಾತು,” ಅಂದಳು. ಎಲ್ಲರೂ ನಕ್ಕರು. ಯಂಕವ್ವ ಕಂಬವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. “ವಾರ ವಾರ ಸವಣೂರ ಸಂತಿಗೆ ಬರ್ತೇನಿ. ಸಂತಿ ಅಷ್ಟ ನೋಡಿದ್ದೆ. ಸವಣೂರ ನೋಡಿದ್ದ ಇವತ್ತ.”

ಕಡೆಗೆ ಮಠದ ಅಂಗಳಕ್ಕೆ ಬಂದರು. ದೊಡ್ಡ ಹುಣಸಿ ಗಿಡದ ಕೆಳಗೆ ತಂಪಿತ್ತು. ಇಲ್ಲಿ ಹೇಳಬೇಕಾದ ಅಂಕಿಯನ್ನು ಮಾಸ್ತರರೇ ಕೊಂದಿದ್ದರು.

ಮಲ್ಲಿಕಾ ಗಿಡವನ್ನು ಮೇಲಿಂದ ಕೆಳಗೆ ನೋಡಿ, ಏನೋ ನೆನಪಾಗಿ, ಇತ್ತ ತಿರುಗಿದಳು. “ಅಂದ್ಹಂಗ ಮಾಸ್ತರ, ಆ ಹುಸೇನ್ಯಾ ಅನ್ನಾಂವ ಎಲ್ಲದಾನ್ರಿ?”

ಮಾಸ್ತರರು ಛತ್ರಿ ತಗ್ಗಿಸಿದರು. “ಯಾಕವ್ವಾ?”

“ಅಜ್ಜಾರು ಫೋನಿನಾಗ ಹೇಳಿದ್ರು. ‘ದೊಡ್ಡ ಗಿಡದ ಹಂತ್ಯಾಕ ನಮ್ಮ ಹುಸೇನ್ಯಾ ಟೇಪ ಹಿಡಕೊಂಡ ಬಂದ ನಿಂದರತಾನ. ಈಗ ಐದ ತಿಂಗಳಿಂದ ಸಿಟ್ಟಿನ್ಯಾಗ ಅದಾನ, ಖರೇ ಬರತಾನ, ಬರಲಾರದ ಇರೂದಿಲ್ಲ. ಅಂವಾ ಏನ ಎಣಿಕಿ ಹೇಳಿದ್ರೂ ನಂಬಬ್ಯಾಡ್ರಿ. ಆದ್ರ ಅವಗ ಒಂದ ಚಾ ಕುಡಸ್ರಿ, ಒಣಾ ಗಂಟಲಲೆ ಒದರತಾನ’ ಅಂದ್ರು. ನಾವು ಫ್ಲಾಸ್ಕಿನಾಗ ಚಾ ತಂದೇವಿ. ಅವನ ಸಲುವಾಗಿನ ತಂದೇವಿ.”

ಮಾಸ್ತರರು ಕಟ್ಟೆಯ ಮೇಲೆ ಕುಳಿತರು. ತಾವು ಸಿಟ್ಟಾಗಿದ್ದೇವೆಂದು ಖಾದರಸಾಬ ತಿಳಿದಿದ್ದ. ಅವನು ಸಿಟ್ಟಾಗಿದ್ದಾನೆಂದು ತಾವು ತಿಳಿದಿದ್ದರು. ಒಬ್ಬರು ಒಂದನೆಯ ಸಾಲಿನಲ್ಲಿ, ಒಬ್ಬರು ಎರಡನೆಯ ಸಾಲಿನಲ್ಲಿ ನಿಂತು, ದಿನಕ್ಕೆ ಐದು ಹೊತ್ತು ಒಂದೇ ದಿಕ್ಕಿಗೆ ಮುಖ ಮಾಡಿ, ಒಬ್ಬರು ತಿರುಗಿ ನೋಡಲಿ ಎಂದು ಇನ್ನೊಬ್ಬರು ಕಾದಿದ್ದರು. ನಮಾಜಿನಲ್ಲಿ ಹಿಂದೆ ತಿರುಗಿ ನೋಡುವಂತಿಲ್ಲ ಎಂಬುದು ನಾಲ್ಕು ವರ್ಷದ ಕೂಸಿಗೂ ಗೊತ್ತು. ಹಿಂದೆ ನಿಂತವರೇ ಮುಂದೆ ಹೋಗಬೇಕಿತ್ತು.

“ಹುಸೇನ್ಯಾ ನಾನ ಅವ್ವಾ,” ಅಂದರು.

ಮಲ್ಲಿಕಾ ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಬಗ್ಗಿಸಿ ಅವರ ಕೈಗೆ ಕೊಟ್ಟಳು. ಚಹಾಕ್ಕೆ ಸಕ್ಕರೆ ಭಾರೀ ಆಗಿತ್ತು. ಅವರು ಅದನ್ನು ಹೇಳಲಿಲ್ಲ. ಪೂರ್ತಿ ಕುಡಿದರು. ಆಮೇಲೆ ಎದ್ದು, ಛತ್ರಿಯನ್ನು ನೆಲಕ್ಕೆ ಊರಿ, ಗಂಟಲು ಸರಿಮಾಡಿಕೊಂಡು ಅಂದರು:

“ಈ ಗಿಡಾ ತಬ್ಬಾಕ ಹದಿನೆಂಟ ಮಂದಿ ಬೇಕ್ರಿ.”

“ನಾವು ಹದಿನಾಲ್ಕ ಅದೇವಿ,” ಅಂದಳು ತಂಪು ಕನ್ನಡಕದಾಕೆ. “ನೋಡೂಣ ಬರ್ರಿ.”

ಹೆಂಗಸರು ಸೆರಗು ಸಿಕ್ಕಿಸಿಕೊಂಡು ಗಿಡದ ಸುತ್ತ ಕೈಗೆ ಕೈ ಹಿಡಿಯುತ್ತ ನಿಂತರು. ಹನ್ನೊಂದನೆಯಾಕೆಯ ಕೈಗೂ ಮೊದಲನೆಯಾಕೆಯ ಕೈಗೂ ನಡುವೆ ಒಂದು ಗೇಣು ಉಳಿಯಿತು. ಯಂಕವ್ವ ಕೋಲು ಒರಗಿಸಿ ಹೋಗಿ ಆ ಸಂದಿಯಲ್ಲಿ ನಿಂತಳು, ಗಿಡ ಮುಚ್ಚಿತು. ಇಬ್ಬರು ಕೈ ಖಾಲಿ ಬಿಟ್ಟುಕೊಂಡು ಹೊರಗೇ ಉಳಿದರು.

“ಎಷ್ಟಾತ್ರಿ ಮಾಸ್ತರ?” ಗಿಡದ ಆಚೆಯಿಂದ ಮಲ್ಲಿಕಾ ಕೂಗಿದಳು.

ಮಾಸ್ತರರು ಗಿಡವನ್ನು ಒಂದು ಸುತ್ತು ಬಂದು, ಒಬ್ಬೊಬ್ಬರ ಕಡೆಗೂ ಛತ್ರಿಯ ತುದಿ ತೋರಿಸಿ, ಬಾಯಿಬಿಟ್ಟು ಎಣಿಸಿದರು. ಮೂವತ್ತಾರು ವರ್ಷ ಹಾಜರಿ ಕರೆದ ಬಾಯಿ ಅದು, ಒಂದು ದಿನವೂ ತಪ್ಪಿರಲಿಲ್ಲ.

“ಹದಿನೆಂಟು,” ಅಂದರು.

ಯಂಕವ್ವ ಗಿಡಕ್ಕೆ ಕೆನ್ನೆ ಒತ್ತಿಕೊಂಡೇ ಅಂದಳು, “ನಾ ಎಣಿಸಿದ್ರ ಹನ್ನೆರಡ ಆಗತಾವ ತಮ್ಮಾ.”

“ನಿಮ್ಮ ಎಣಿಕಿ ತಪ್ಪೈತಿ ಅವ್ವಾ.”

“ಅಂವಾ ಹೇಳಿದ್ದ ಖರೇ ನೋಡ ಮಲ್ಲಿಕಾ. ಹುಸೇನ್ಯಾನ ಎಣಿಕಿ ನಂಬಬ್ಯಾಡ್ರಿ ಅಂದಿದ್ದ.”

ಗಿಡದ ಸುತ್ತ ನಗೆ ಒಂದು ಸುತ್ತು ಹೋಗಿ ಬಂತು. ಮಾಸ್ತರರೂ ನಕ್ಕರು, ನಗುತ್ತಿದ್ದಂತೆ ಕನ್ನಡಕ ತೆಗೆದು ಒರೆಸಿಕೊಂಡರು. ‘ಹುಸೇನ್ಯಾ’ ಎಂದು ಯಾರೋ ಕರೆದದ್ದು ಕಿವಿಯಲ್ಲಿ ಇನ್ನೂ ಬೆಚ್ಚಗಿತ್ತು.

ಊಟಕ್ಕೆ ತಿರುಗಿ ಹೋಗುವ ದಾರಿಯಲ್ಲಿ ಕಬರಸ್ತಾನ. ಹೂವಿನ ಚಾದರಕ್ಕೆ ಇನ್ನೂ ಹೊತ್ತಿತ್ತು, ರಿಯಾಜ ಮತ್ತು ಉಳಿದವರು ಜೋಹರ್ ನಮಾಜು ಮುಗಿಸಿ ಬರುವವರು. ಹೆಂಗಸರು ಕಾಂಪೌಂಡಿನ ಹೊರಗೆ ನಿಂತು, ಮುಂಜಾನೆ ಮುಡಿಯಿಂದ ತೆಗೆದು ಚೀಲಕ್ಕೆ ಹಾಕಿಕೊಂಡಿದ್ದ ಮಲ್ಲಿಗೆಯನ್ನೆಲ್ಲ ಒಟ್ಟು ಮಾಡಿದರು.

“ಮುಡಿದದ್ದು ನಡೀತೈತೇನ್ರಿ?” ಅಂತ ಕೇಳಿದಳು ಮಲ್ಲಿಕಾ, ಅನುಮಾನದಿಂದ.

ಇದಕ್ಕೆ ಯಾವ ಕಿತಾಬಿನಲ್ಲಿ ಏನು ಹೇಳಿದೆ ಎಂದು ಮಾಸ್ತರರು ನೆನಪಿಸಿಕೊಳ್ಳಲು ಹೋಗಲಿಲ್ಲ. “ಅವಗ ನಡೀತೈತಿ,” ಅಂದರು.

ಮಾಸ್ತರರೊಬ್ಬರೇ ಒಳಗೆ ಹೋದರು. ಮಣ್ಣು ಇನ್ನೂ ಹಸಿಯಾಗಿತ್ತು. ಹೂ ಹಾಕಿ, ಛತ್ರಿಯನ್ನು ಮಗ್ಗುಲಲ್ಲಿ ಮಲಗಿಸಿ, ಎರಡೂ ಕೈ ಎತ್ತಿ ಫಾತಿಹಾ ಓದಿದರು. ಗೋಡೆಯ ಆಚೆ ಹದಿನಾಲ್ಕು ಜೋಡಿ ಬಳೆಗಳು ಒಮ್ಮೆ ಸದ್ದು ಮಾಡಿ ಸುಮ್ಮನಾದವು, ಅವರೂ ಕೈ ಮುಗಿದಿರಬೇಕು. ಅರಬ್ಬಿಯಲ್ಲಿ ಓದಬೇಕಾದದ್ದು ಮುಗಿಯಿತು. ಆಮೇಲೆ ಮಾಸ್ತರರಿಗೆ ಬಂದದ್ದು ಅವನ ಜೊತೆ ಜಗಳವಾಡಿದ ಭಾಷೆಯೇ.

“ಯಾ ಅಲ್ಲಾ, ನಮ್ಮ ಖಾದ್ರ್ಯಾ ನಿನ್ನ ಕಡೆ ಬಂದಾನ. ಅವನ ತಪ್ಪೆಲ್ಲಾ ಮಾಫ್ ಮಾಡು. ಅಂವಾ ಹೇಳಿದ ಸುಳ್ಳು ಬಂದ ಮಂದೀನ ನಗಿಸಿ ಕಳಸಾಕ ಹೇಳಿದ್ದು, ಅದನ್ನ ಹಿಡೀಬ್ಯಾಡ. ಇವತ್ತ ನಾ ಹೇಳಿದ್ದು ನನ್ನ ಮ್ಯಾಲೆ ಇರಲಿ. ಅವನ ಕಬರಿನಾಗ ಬೆಳಕ ಕೊಡು, ತಂಪ ಕೊಡು, ಶಾಂತಿ ಕೊಡು. ಅವನ ಕಬರು ಅಗಲ ಮಾಡು. ಎಷ್ಟ ಅಗಲ ಅಂತ ನಾ ಕೇಳೂದಿಲ್ಲ. ಅಂವಾ ಎಷ್ಟ ಅಂತಾನ, ಅಷ್ಟ ಮಾಡು. ಆಮೀನ್.”